ಕೊಳಕುಮಂಡಲದ ವಿಷ ಮತ್ತು ರಕ್ತ ಹೆಪ್ಪುಗಟ್ಟಿಸುವ ಕಿಣ್ವಗಳಲ್ಲಿ ಲೋಹದ ಅಯಾನುಗಳು: ಹಾಸನ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

1. ಪೀಠಿಕೆ

ಹೊಳೆನರಸೀಪುರದ ಹೇಮಾವತಿ ನಾಲೆಯ ಗದ್ದೆಬಯಲು, ಅರಕಲಗೂಡಿನ ಹೊಗೆಸೊಪ್ಪು ಮತ್ತು ಆಲೂಗೆಡ್ಡೆ ಹೊಲ, ಚನ್ನರಾಯಪಟ್ಟಣದ ತೆಂಗಿನ ತೋಟದಲ್ಲಿ ಒಟ್ಟಿದ ಗರಿ ಮಟ್ಟೆಯ ರಾಶಿ, ಇವೆಲ್ಲ ಇಲಿಗಳ ನೆಲೆ. ಇಲಿಯಿದ್ದಲ್ಲಿಗೆ ಕೊಳಕುಮಂಡಲವೂ ಬರುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿದ್ದಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತದ ಪ್ರಕರಣಗಳನ್ನು ವರದಿ ಮಾಡುವುದು ಕಡ್ಡಾಯವೆಂದು ಘೋಷಿಸಿತು.

ಕೊಳಕುಮಂಡಲ ಕಡಿದವರ ರಕ್ತ ಹೆಪ್ಪುಗಟ್ಟದೆ ಹೋಗುವುದು ಲೋಹದ ಅಯಾನುಗಳ ಕೊರತೆಯಿಂದಲ್ಲ; ಅದೇ ಅಯಾನುಗಳನ್ನು ವಿಷವೂ ಬಳಸಿಕೊಳ್ಳುವುದರಿಂದ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಹೆಪ್ಪುಗಟ್ಟುವುದೇ ಎಂದು ನೋಡುವ ಸರಳ ಪರೀಕ್ಷೆಯನ್ನು ಸರಿಯಾಗಿ ಮಾಡಲು ಈ ತಿಳಿವಳಿಕೆ ಬೇಕು ಎಂಬುದು ಈ ಲೇಖನದ ವಾದ.

2. ಆರೋಗ್ಯವಂತ ರಕ್ತದಲ್ಲಿ

ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕೆಂದು ಆರ್ಥಸ್ ಮತ್ತು ಪಾಜೆಸ್ 1890ರಲ್ಲೇ ತೋರಿಸಿದ್ದರು. ಅದು ಎಲ್ಲಿ ಅಂಟುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1974ರಲ್ಲಿ, ಪ್ರೋಥ್ರಾಂಬಿನ್‌ನಲ್ಲಿ ಗಾಮಾ ಕಾರ್ಬಾಕ್ಸಿ ಗ್ಲುಟಮಿಕ್ ಆಮ್ಲ (ಗ್ಲಾ) ಪತ್ತೆಯಾದಾಗ. ಕೆ ಜೀವಸತ್ವದ ನೆರವಿನಿಂದ ಯಕೃತ್ತು ಈ ಘಟಕವನ್ನು ರೂಪಿಸುತ್ತದೆ. ಪ್ರೋಥ್ರಾಂಬಿನ್‌ನಲ್ಲಿ 10, ಹತ್ತನೇ ಅಂಶದಲ್ಲಿ (ಫ್ಯಾಕ್ಟರ್ ಹತ್ತು) 11 ಗ್ಲಾ ಘಟಕಗಳಿವೆ.

ಪ್ರತಿಯೊಂದು ಗ್ಲಾ ಘಟಕದಲ್ಲೂ ಎರಡು ಋಣ ಆವೇಶಗಳಿರುತ್ತವೆ. ಕ್ಯಾಲ್ಸಿಯಂ ಇಲ್ಲದಾಗ ಇವು ಒಂದನ್ನೊಂದು ವಿಕರ್ಷಿಸಿ ಆ ಭಾಗ ಸಡಿಲವಾಗುತ್ತದೆ. ಕ್ಯಾಲ್ಸಿಯಂ ಕೂಡಿಕೊಂಡಾಗ ಮಡಿಕೆ ಬಿಗಿಯಾಗಿ, ಜಿಡ್ಡಿಗೆ ಒಲಿಯುವ ತುದಿ ಹೊರಬಂದು, ಪ್ಲೇಟ್‌ಲೆಟ್‌ಗಳ ಪೊರೆಗೆ ಅಂಟುತ್ತದೆ. ಈ ಜಾಗಗಳಲ್ಲಿ ಕೆಲವನ್ನು ದೇಹದಲ್ಲಿ ಮೆಗ್ನೀಸಿಯಂ ತುಂಬಬಲ್ಲದು. ಹತ್ತನೇ ಅಂಶದ ಕತ್ತರಿಸುವ ಭಾಗದಲ್ಲೂ ಒಂದು ಕ್ಯಾಲ್ಸಿಯಂ ತಾಣವಿದ್ದು, ಅದು ಅಲ್ಲಿನ ಕುಣಿಕೆಯೊಂದನ್ನು ಸ್ಥಿರವಾಗಿಡುತ್ತದೆ. ಪ್ರೋಥ್ರಾಂಬಿನ್‌ನಿಂದ ಹುಟ್ಟುವ ಥ್ರಾಂಬಿನ್‌ನ ಕತ್ತರಿಸುವ ಭಾಗಕ್ಕೆ ಬೇಕಾದದ್ದು ಸೋಡಿಯಂ. ಅದು ಅಂಟಿದ ರೂಪ ಹೆಪ್ಪಿನ ಎಳೆಗಳಾಗಿ ಮಾರ್ಪಡುವ ಫೈಬ್ರಿನೋಜನ್ ಅನ್ನು ಚುರುಕಾಗಿ ಕತ್ತರಿಸುತ್ತದೆ ಎಂದು ವೆಲ್ಸ್ ಮತ್ತು ಡಿ ಚೆರಾ 1992ರಲ್ಲಿ ತೋರಿಸಿದರು.

3. ವಿಷದ ಕಿಣ್ವ

ಕೊಳಕುಮಂಡಲದ ವಿಷದಲ್ಲಿರುವ ಆರ್‌ವಿವಿ-ಎಕ್ಸ್ ಎಂಬ ಕಿಣ್ವ ಹತ್ತನೇ ಅಂಶವನ್ನು ನೇರವಾಗಿ ಚುರುಕುಗೊಳಿಸುತ್ತದೆ. ಇದರಲ್ಲಿ ಮೂರು ಸರಪಳಿಗಳಿವೆ. ಭಾರದ ಸರಪಳಿಯ ಸಕ್ರಿಯ ತಾಣದಲ್ಲಿ ಮೂರು ಹಿಸ್ಟಿಡಿನ್‌ಗಳು ಹಿಡಿದ ಸತುವಿನ ಅಯಾನು ಕೂತಿದೆ. ಹಗುರ ಸರಪಳಿಗಳೆರಡೂ ಸೇರಿ ಕೊಕ್ಕೆಯಂತೆ ಬಾಗಿದ ಮೇಲ್ಮೈಯನ್ನು ರಚಿಸುತ್ತವೆ ಎಂದು 2007ರಲ್ಲಿ ತಕೇಡ ಮತ್ತು ಸಂಗಡಿಗರ ಹರಳು ರಚನೆ ತೋರಿಸಿತು. ಈ ಕೊಕ್ಕೆ ಹಿಡಿಯುವುದು ಕ್ಯಾಲ್ಸಿಯಂ ಕೂಡಿದ ಗ್ಲಾ ಭಾಗವನ್ನು. ಹಾಗಾಗಿ ಕ್ಯಾಲ್ಸಿಯಂ ಇಲ್ಲದೆ ಹಿಡಿತವಿಲ್ಲ, ಸತುವಿಲ್ಲದೆ ಕತ್ತರಿಯಿಲ್ಲ.

ಗರಗಸ ಮಂಡಲದ ವಿಷದ ಎಕಾರಿನ್ ಇದಕ್ಕಿಂತ ಭಿನ್ನ. ಅದೂ ಸತುವಿನ ಕಿಣ್ವವೇ. ಆದರೆ ಪ್ರೋಥ್ರಾಂಬಿನ್ ಅನ್ನು ಕತ್ತರಿಸಲು ಅದಕ್ಕೆ ಹೊರಗಿನ ಕ್ಯಾಲ್ಸಿಯಂ ಬೇಕಿಲ್ಲ.

ಹೆಪ್ಪುಗಟ್ಟುವ ಕ್ರಿಯೆ ಹೀಗೆ ಮೈಯೆಲ್ಲ ಒಮ್ಮೆಲೇ ಶುರುವಾದರೆ ಫೈಬ್ರಿನೋಜನ್ ಖರ್ಚಾಗಿಹೋಗುತ್ತದೆ. ಸಹಜವಾಗಿ ಪ್ರತಿ 100 ಮಿ.ಲೀ. ಪ್ಲಾಸ್ಮಾದಲ್ಲಿ 200ರಿಂದ 400 ಮಿ.ಗ್ರಾಂ ಇರಬೇಕಾದ ಅದು ತೀವ್ರ ಪ್ರಕರಣಗಳಲ್ಲಿ ಅಳತೆಗೆ ಸಿಗದಷ್ಟು ಕುಸಿಯಬಹುದು. ಆದ್ದರಿಂದ ಕ್ಯಾಲ್ಸಿಯಂ ಚುಚ್ಚುಮದ್ದು ಇದಕ್ಕೆ ಪರಿಹಾರವಲ್ಲ. ಪ್ರತಿವಿಷ ಕೊಟ್ಟು ವಿಷವನ್ನು ತಟಸ್ಥಗೊಳಿಸಬೇಕು, ಆಮೇಲೆ ಯಕೃತ್ತು ಹೊಸ ಫೈಬ್ರಿನೋಜನ್ ಮಾಡಲು ಸಮಯ ಬೇಕು. ಪರೀಕ್ಷೆಯನ್ನು ಆರು ಗಂಟೆಗೊಮ್ಮೆ ಮತ್ತೆ ಮಾಡಲು ಹೇಳುವುದು ಇದೇ ಕಾರಣಕ್ಕೆ.

4. ಗಾಜಿನ ಕೊಳವೆ

ಆ ಪರೀಕ್ಷೆ ಬಹಳ ಸರಳ. ಹೊಸದಾದ, ಒಣಗಿದ, ಶುಭ್ರ ಗಾಜಿನ ಕೊಳವೆಗೆ 2 ಮಿ.ಲೀ. ರಕ್ತ ಹಾಕಿ, 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ಬಾಗಿಸಿ ನೋಡಬೇಕು. ರಕ್ತ ಹರಿದರೆ ವಿಷ ಏರಿದೆಯೆಂದು ತಿಳಿಯಬೇಕು. ಗಾಜಿನ ಋಣ ಆವೇಶದ ಮೇಲ್ಮೈ ಹನ್ನೆರಡನೇ ಅಂಶವನ್ನು ಚುರುಕುಗೊಳಿಸುತ್ತದೆ. ಆ ಅಂಟಿಕೆಗೆ ಸತುವಿನ ಅಯಾನು ನೆರವಾಗುತ್ತದೆ. ಪ್ಲಾಸ್ಟಿಕ್ ಕೊಳವೆಯಲ್ಲಿ ಈ ಚಾಲನೆ ಸಿಗದು. ಸೋಪಿನಲ್ಲಿ ತೊಳೆದ ಕೊಳವೆಯೂ ತಪ್ಪು ಫಲಿತಾಂಶ ಕೊಡಬಹುದು.

ನೇರಳೆ ಮುಚ್ಚಳದ ಕೊಳವೆಯಲ್ಲಿ ಇಡಿಟಿಎ, ನೀಲಿ ಮುಚ್ಚಳದ್ದರಲ್ಲಿ 3.2% ಸಿಟ್ರೇಟ್ ಇರುತ್ತದೆ. ಎರಡೂ ಕ್ಯಾಲ್ಸಿಯಂ ಅನ್ನು ಹಿಡಿದಿಡುವುದರಿಂದ ಅವುಗಳಲ್ಲಿ ಹಾವು ಕಡಿಯದವರ ರಕ್ತವೂ ಹೆಪ್ಪುಗಟ್ಟುವುದಿಲ್ಲ. ಅವಸರದಲ್ಲಿ ಈ ಕೊಳವೆಗಳನ್ನು ಬಳಸಿದರೆ ಅನಗತ್ಯವಾಗಿ ಪ್ರತಿವಿಷ ಕೊಟ್ಟಂತಾಗುತ್ತದೆ. ಪ್ರತಿವಿಷದಿಂದಲೂ ತೀವ್ರ ಅಲರ್ಜಿ ಆಗುವುದುಂಟು.

5. ಸಮಾರೋಪ

ಸತುವನ್ನು ಕಿತ್ತುಕೊಳ್ಳುವ ಔಷಧಗಳ ಸಂಶೋಧನೆ ನಡೆದಿದೆ. ಡಿಎಂಪಿಎಸ್ ಎಂಬ ಔಷಧ ಗರಗಸ ಮಂಡಲ ಜಾತಿಯ ವಿಷದಿಂದ ಇಲಿಗಳನ್ನು ಕಾಪಾಡಿದ್ದು 2020ರಲ್ಲಿ ವರದಿಯಾಯಿತು. ಆದರೆ ಇಂದು ಆಸ್ಪತ್ರೆಯಲ್ಲಿ ನೆಚ್ಚಬೇಕಾದದ್ದು ಪ್ರತಿವಿಷವನ್ನೇ. ಈ ಮೂರು ತಾಲ್ಲೂಕು ಕೇಂದ್ರಗಳಿಂದ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸುಮಾರು 30ರಿಂದ 40 ಕಿ.ಮೀ. ದಾರಿ. ಅಲ್ಲಿಗೆ ಕಳಿಸುವ ಮೊದಲೇ ಪರೀಕ್ಷೆ ಮುಗಿದು ಚಿಕಿತ್ಸೆ ಶುರುವಾಗಿರಬೇಕು. ಅದಕ್ಕಾಗಿ ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಪ್ರತಿವಿಷದ ಜತೆಗೆ ಹೊಸ ಗಾಜಿನ ಕೊಳವೆಗಳ ದಾಸ್ತಾನು ಸದಾ ಇರಬೇಕು.