ಬಿಟ್ಟುಹೋದ ಸರಳಿನ ಕಥೆ

ಕಾರಿನ ಹ್ಯಾಂಡ್ಲಿಂಗ್ ಸುಧಾರಿಸಬೇಕು ಅಂತ ಹೊರಟವರಿಗೆ ಗೆಳೆಯರ ಸಲಹೆ ರೆಡಿ ಇರುತ್ತೆ: 'ದಪ್ಪ ಆ್ಯಂಟಿ-ರೋಲ್ ಬಾರ್ ಹಾಕಿಸು ಗುರು.' ಸಲಹೆ ಪೂರ್ತಿ ತಪ್ಪಲ್ಲ. ಆದರೆ ಎಷ್ಟು ದಪ್ಪ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು, ಮುಂದಕ್ಕೋ ಹಿಂದಕ್ಕೋ ಅನ್ನೋದು. ಅಮೆರಿಕದಲ್ಲಿ ಒಂದು ಕಾರಿಗೆ ಈ ಸರಳು ಹಾಕದೇ ಬಿಟ್ಟ ವಿಷಯ ಕೋರ್ಟಿನವರೆಗೂ ಹೋಗಿತ್ತು.

ವಸ್ತು ತೀರಾ ಸರಳ. ಎಡ-ಬಲ ಚಕ್ರಗಳ ಸಸ್ಪೆನ್ಷನ್ ಜೋಡಿಸುವ ಒಂದು ಬಾಗಿದ ಉಕ್ಕಿನ ಸರಳು. ಎರಡೂ ಚಕ್ರ ಒಟ್ಟಿಗೆ ಹಂಪ್ ಹತ್ತಿದರೆ ಅದು ಸುಮ್ಮನಿರುತ್ತೆ. ತಿರುವಿನಲ್ಲಿ ಕಾರು ವಾಲಿದಾಗ ತಿರುಚಿಕೊಂಡು, ವಾಲುವಿಕೆಯನ್ನು ತಡೆಯುತ್ತೆ. ಕೆನಡಾದ ಸ್ಟೀಫನ್ ಕೋಲ್ಮನ್ ಇದಕ್ಕೆ ಪೇಟೆಂಟ್ ಪಡೆದದ್ದು 1919ರಲ್ಲಿ. ಆಗಿನ ಕಾರುಗಳ ಸ್ಪ್ರಿಂಗ್‌ಗಳೇ ಗಡಸು, ಹಾಗಾಗಿ ಬಳಕೆ ಕಡಿಮೆ. ಮೆತ್ತನೆಯ ಸ್ಪ್ರಿಂಗ್‌ಗಳ ಕಾರುಗಳು ಬಂದ ಮೇಲೆ, 1950ರ ದಶಕದಿಂದೀಚೆಗೆ, ಇದು ಸಾಮಾನ್ಯವಾಯಿತು.

ಇದರಲ್ಲೊಂದು ಮರ್ಮ ಇದೆ. ಯಾವ ತುದಿಯ ಬಾರ್ ಗಡಸೋ, ಆ ತುದಿಯ ಹೊರಗಿನ ಟೈರಿನ ಮೇಲೆ ಹೆಚ್ಚು ಭಾರ ಬೀಳುತ್ತೆ, ಆ ಜೋಡಿಯ ಒಟ್ಟು ಹಿಡಿತ ಸ್ವಲ್ಪ ಕಡಿಮೆಯಾಗುತ್ತೆ. ಮುಂದಿನ ಬಾರ್ ಗಡಸಾದರೆ ಮೂತಿ ಮೊದಲು ಜಾರುತ್ತೆ, ಅದು ಅಂಡರ್‌ಸ್ಟಿಯರ್. ಹಿಂದಿನದು ಗಡಸಾದರೆ ಬಾಲ ಮೊದಲು ಜಾರುತ್ತೆ, ಅದು ಓವರ್‌ಸ್ಟಿಯರ್. ಅಂದರೆ ಈ ಸರಳು ಬರೀ ವಾಲುವಿಕೆ ತಡೆಯೋದಲ್ಲ, ಮೊದಲು ಕೈಕೊಡೋದು ಯಾವ ತುದಿ ಅಂತಲೂ ನಿರ್ಧರಿಸುತ್ತೆ.

1960ರ ಮಾಡೆಲ್ ಆಗಿ ಬಂದ ಷೆವರ್ಲೆ ಕೋರ್ವೇರ್‌ನ ಎಂಜಿನ್ ಇದ್ದದ್ದು ಹಿಂದೆ. ಭಾರದ ಬಹುಪಾಲೂ ಅಲ್ಲೇ. ಹಿಂದಿನ ಸಸ್ಪೆನ್ಷನ್ ಸ್ವಿಂಗ್ ಆ್ಯಕ್ಸಲ್ ಮಾದರಿಯದು. ಜೋರಾಗಿ ತಿರುಗಿಸಿದರೆ ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುವ ಅಪಾಯ ಇತ್ತು. ಮುಂದೊಂದು ಆ್ಯಂಟಿ-ರೋಲ್ ಬಾರ್ ಇದ್ದಿದ್ದರೆ ಬಾಲ ಹತೋಟಿಯಲ್ಲಿರುತ್ತಿತ್ತು. ಖರ್ಚು ಉಳಿಸಲು ಅದನ್ನು ಕೈಬಿಟ್ಟರು. ಬದಲಿಗೆ ಮುಂದಿನ ಟೈರಿಗೆ 15 ಪಿಎಸ್‌ಐ, ಹಿಂದಿನದಕ್ಕೆ 26 ಪಿಎಸ್‌ಐ ಗಾಳಿ ಸಾಕು ಅಂದರು. ಗೊತ್ತಿಲ್ಲದೆ ಯಾರಾದರೂ ನಾಲ್ಕಕ್ಕೂ ಸಮನಾಗಿ ತುಂಬಿಸಿದರೆ? ಇಡೀ ಲೆಕ್ಕಾಚಾರ ತಲೆಕೆಳಗು.

1964ರಲ್ಲಿ ಮುಂದಿನ ಬಾರ್ ಎಲ್ಲ ಕೋರ್ವೇರ್‌ಗೂ ಬಂತು. 1965ಕ್ಕೆ ಹಿಂದಿನ ಸಸ್ಪೆನ್ಷನ್ನೇ ಬದಲಾಯಿತು. ಅಷ್ಟರಲ್ಲಿ ಕೇಸುಗಳು ಬಿದ್ದಾಗಿತ್ತು. ಅದೇ ವರ್ಷ ರಾಲ್ಫ್ ನೇಡರ್ ಬರೆದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕದ ಮೊದಲ ಅಧ್ಯಾಯವೇ ಕೋರ್ವೇರ್ ಕುರಿತದ್ದು. ಜನರಲ್ ಮೋಟಾರ್ಸ್ ಅವರ ಹಿಂದೆ ಪತ್ತೇದಾರರನ್ನು ಬಿಟ್ಟಿತು. 1966ರಲ್ಲಿ ಕಂಪನಿಯ ಅಧ್ಯಕ್ಷ ಜೇಮ್ಸ್ ರೋಚ್ ಸೆನೆಟ್ ಸಮಿತಿಯ ಮುಂದೆ ಕ್ಷಮೆ ಕೇಳಬೇಕಾಯಿತು. ವಾಹನ ಸುರಕ್ಷತೆಯ ಕಾನೂನು ಬಂದದ್ದೂ ಅದೇ ವರ್ಷ. ಕೋರ್ವೇರ್ ತನ್ನ ಕಾಲದ ಬೇರೆ ಕಾರುಗಳಿಗಿಂತ ಕೆಟ್ಟದ್ದೇನಲ್ಲ ಅಂತ 1972ರಲ್ಲಿ ಸರ್ಕಾರಿ ವರದಿಯೊಂದು ಹೇಳಿತು ಅನ್ನೋದನ್ನೂ ಮರೆಯಬಾರದು. ಹಾಗಿದ್ದರೂ, ತನ್ನ ಕಾರಿನ ಸಮತೋಲನ ಟೈರಿನ ಗಾಳಿಯ ಮೇಲೆ ಇಷ್ಟೊಂದು ನಿಂತಿದೆ ಅಂತ ಎಷ್ಟು ಮಾಲೀಕರಿಗೆ ಹೊಳೆದಿದ್ದೀತು?

ಈಗ ನಮ್ಮ ಆಯ್ಕೆಗೆ ಬರೋಣ. ಗಟ್ಟಿ ಸರಳಿನ ಗಡಸುತನ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತೆ. 20 ಮಿ.ಮೀ. ಬದಲು 22 ಮಿ.ಮೀ. ಹಾಕಿದರೆ ಸುಮಾರು 46% ಹೆಚ್ಚು. ಕಣ್ಣಿಗೆ ಕಾಣದಷ್ಟು ವ್ಯತ್ಯಾಸ, ತಿರುವಿನಲ್ಲಿ ಬೇರೆಯದೇ ಕಾರು! ಫ್ರಂಟ್ ವೀಲ್ ಡ್ರೈವ್ ಹ್ಯಾಚ್‌ಬ್ಯಾಕ್ ಮೂತಿ ಜಾರಿಸುತ್ತಿದ್ದರೆ ಹಿಂದಿನ ಬಾರ್ ದಪ್ಪ ಮಾಡೋದು ವಾಡಿಕೆ, ಚುರುಕಾಗಿ ತಿರುಗುತ್ತೆ ನಿಜ. ಆದರೆ ಒದ್ದೆ ರಸ್ತೆಯಲ್ಲಿ ಬಾಲ ಬೀಸಲೂಬಹುದು. ಒಂದು ಚಕ್ರ ಗುಂಡಿಗೆ ಬಿದ್ದರೆ ಪಕ್ಕದ ಚಕ್ರಕ್ಕೂ ಪೆಟ್ಟು ತಟ್ಟುತ್ತೆ. ಅದಕ್ಕೇ ಮೊದಲು ಟೈರು, ಬುಷ್ ಸರಿಯಿವೆಯಾ ನೋಡಿ. ಆಮೇಲೆ ಅಡ್ಜಸ್ಟ್ ಮಾಡಬಹುದಾದ ಬಾರ್ ತಗೊಂಡು, ಮೆತ್ತನೆಯ ಸೆಟ್ಟಿಂಗ್‌ನಿಂದ ಒಂದೊಂದೇ ಹೆಜ್ಜೆ ಏರಿಸಿ.

ಇನ್ನೊಂದು ಮಾತು. ಆ ಕಾರನ್ನು ಮನೆಯಲ್ಲಿ ಬೇರೆ ಯಾರಾದರೂ ಓಡಿಸುತ್ತಾರಾ? ಏನು ಬದಲಾಗಿದೆ ಅಂತ ಕೀ ಕೊಡುವ ಮೊದಲೇ ಅವರಿಗೆ ಹೇಳಿಬಿಡಿ.