ಮಕ್ಕಳ ದಂತವೈದ್ಯಕೀಯದಲ್ಲಿ ಲೇಸರ್ ಶಸ್ತ್ರಚಿಕಿತ್ಸೆ

ಮಕ್ಕಳ ದಂತವೈದ್ಯಕೀಯದಲ್ಲಿ ಲೇಸರ್ ಶಸ್ತ್ರಚಿಕಿತ್ಸೆ ಎಂದರೆ ಒಸಡು, ತುಟಿ, ನಾಲಿಗೆ ಮೊದಲಾದ ಬಾಯಿಯ ಮೃದು ಅಂಗಾಂಶಗಳನ್ನು ಅಲಗಿನ ಬದಲು ಲೇಸರ್ ಕಿರಣದಿಂದ ಕತ್ತರಿಸುವ ಅಥವಾ ಆವಿಯಾಗಿಸುವ ಚಿಕಿತ್ಸಾಕ್ರಮ. ಹುಟ್ಟಿನಿಂದಲೇ ನಾಲಿಗೆಯ ಚಲನೆಯನ್ನು ಬಿಗಿಹಿಡಿಯುವ ‘ನಾಲಿಗೆ ಕಟ್ಟು’ ಇದರಿಂದ ಚಿಕಿತ್ಸೆ ಪಡೆಯುವ ತೊಂದರೆಗಳಲ್ಲಿ ಹೆಚ್ಚು ಪರಿಚಿತವಾದುದು.

== ಹಿನ್ನೆಲೆ ಮತ್ತು ತತ್ತ್ವ ==
ಥಿಯೋಡೋರ್ ಮೈಮನ್ 1960ರಲ್ಲಿ ಮೊದಲ ಮಾಣಿಕ್ಯ ಲೇಸರನ್ನು ಬೆಳಗಿಸಿದರು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಜನಿಸಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ರೂಪಿಸಿದರು.

ಲೇಸರಿನ ಪರಿಣಾಮ ಅದರ ತರಂಗಾಂತರವನ್ನು ಅವಲಂಬಿಸಿದೆ. ಸುಮಾರು 810ರಿಂದ 980 ನ್ಯಾನೊಮೀಟರಿನ ಡಯೋಡ್ ಲೇಸರನ್ನು ಹೀಮೋಗ್ಲೋಬಿನ್ ಮತ್ತು ಮೆಲನಿನ್‌ಗಳು ಹೀರಿಕೊಳ್ಳುತ್ತವೆ. ಆದ್ದರಿಂದ ರಕ್ತಸ್ರಾವ ಬೇಗ ನಿಲ್ಲುತ್ತದೆ. 10,600 ನ್ಯಾನೊಮೀಟರಿನ ಇಂಗಾಲದ ಡೈಆಕ್ಸೈಡ್ ಲೇಸರ್ ಹಾಗೂ 2,940 ನ್ಯಾನೊಮೀಟರಿನ ಅರ್ಬಿಯಂ ಲೇಸರ್ ನೀರಿನಲ್ಲಿ ಹೀರಲ್ಪಡುತ್ತವೆ. ಅರ್ಬಿಯಂ ಲೇಸರ್ ಹಲ್ಲಿನಂತಹ ಗಟ್ಟಿ ಅಂಗಾಂಶವನ್ನೂ ಕೊರೆಯಬಲ್ಲದು, ಆದರೆ ರಕ್ತವನ್ನು ತಡೆಯುವುದರಲ್ಲಿ ಉಳಿದವುಗಳಷ್ಟು ಸಮರ್ಥವಲ್ಲ.

== ನಾಲಿಗೆ ಕಟ್ಟು ==
ನಾಲಿಗೆಯ ತಳವನ್ನು ಬಾಯಿಯ ನೆಲಕ್ಕೆ ಜೋಡಿಸುವ ಪಟ್ಟಿ ಗಿಡ್ಡವಾಗಿದ್ದರೆ ಶಿಶುವು ಮೊಲೆಯನ್ನು ಸರಿಯಾಗಿ ಹಿಡಿಯಲಾರದು, ತಾಯಿಗೆ ನೋವಾಗುತ್ತದೆ. ಪಟ್ಟಿ ಎದ್ದು ಕಂಡ ಮಾತ್ರಕ್ಕೆ ಕತ್ತರಿಸಬೇಕೆಂದಿಲ್ಲ. ಹಾಲೂಡಿಸುವ ಕ್ರಮವನ್ನು ತಿದ್ದಿ ನೋಡುವುದು ಮೊದಲ ಹೆಜ್ಜೆ. 302 ಶಿಶುಗಳನ್ನು ಒಳಗೊಂಡ 5 ಪ್ರಯೋಗಗಳನ್ನು ಪರಿಶೀಲಿಸಿದ 2017ರ ಕಾಕ್ರೇನ್ ವಿಮರ್ಶೆಯು, ಪಟ್ಟಿ ಬಿಡಿಸುವುದರಿಂದ ತಾಯಿಯ ನೋವು ಅಲ್ಪಕಾಲದಲ್ಲಿ ಕಡಿಮೆಯಾಗುತ್ತದೆ, ಆದರೆ ಶಿಶುವಿನ ಹಾಲು ಕುಡಿಯುವಿಕೆಯ ಮೇಲೆ ಏಕರೂಪದ ಪರಿಣಾಮ ಕಾಣದು ಎಂದು ತಿಳಿಸಿತು.

ನವಜಾತ ಶಿಶುವಿನ ತೆಳುವಾದ ಪಟ್ಟಿಯನ್ನು ಕತ್ತರಿಯಿಂದಲೇ ಕ್ಷಣಮಾತ್ರದಲ್ಲಿ ಬಿಡಿಸಬಹುದು. ಅಲ್ಲಿ ಲೇಸರ್ ಮೇಲೆಂದು ಹೇಳಲು ಸಾಕಷ್ಟು ಪುರಾವೆಯಿಲ್ಲ. ಪಟ್ಟಿ ದಪ್ಪವಾಗಿದ್ದು ಮಗು ದೊಡ್ಡದಾಗಿದ್ದಾಗ ಲೇಸರಿನ ಅನುಕೂಲ ಹೆಚ್ಚು: ರಕ್ತ ಕಡಿಮೆ, ಹೊಲಿಗೆ ಸಾಮಾನ್ಯವಾಗಿ ಬೇಕಾಗದು. ನೋವೇ ಇರುವುದಿಲ್ಲವೆಂಬ ಪ್ರಚಾರವನ್ನು ಮಾತ್ರ ಹಾಗೆಯೇ ನಂಬಲಾಗದು. ಅರಿವಳಿಕೆ ಅನೇಕ ಸಂದರ್ಭಗಳಲ್ಲಿ ಬೇಕೇ ಬೇಕು.

ಮಾತಿನ ವಿಷಯದಲ್ಲಿಯೂ ಆತುರ ಸಲ್ಲದು. ‘ರ’ಕಾರ, ‘ಳ’ಕಾರಗಳು ಎಳೆಯ ಮಕ್ಕಳಲ್ಲಿ ತಡವಾಗಿ ಕೂಡುವುದು ಸಹಜ. ವಾಕ್ ತಜ್ಞರ ಪರೀಕ್ಷೆಯಿಲ್ಲದೆ ತೊದಲನ್ನೆಲ್ಲ ನಾಲಿಗೆಯ ಪಟ್ಟಿಗೆ ಆರೋಪಿಸುವುದು ಸರಿಯಲ್ಲ.

== ಇತರ ಉಪಯೋಗಗಳು ==
ಮೇಲ್ದುಟಿಯ ಪಟ್ಟಿಯಿಂದ ಮುಂಭಾಗದ ಹಲ್ಲುಗಳ ನಡುವೆ ಬಿರುಕು ಉಳಿದಾಗ, ಹುಟ್ಟಲಿರುವ ಹಲ್ಲನ್ನು ಒಸಡು ಮುಚ್ಚಿದಾಗ, ಫೆನಿಟೊಯಿನ್ ಔಷಧದಿಂದ ಒಸಡು ಬೆಳೆದಾಗ ಲೇಸರನ್ನು ಬಳಸುತ್ತಾರೆ. ಶಾಶ್ವತ ಕೋರೆಹಲ್ಲುಗಳು ಮೂಡಿದಂತೆ ಆ ಬಿರುಕು ತಾನಾಗಿಯೇ ಮುಚ್ಚುವುದುಂಟು. ಹೀಗಾಗಿ ಸಾಮಾನ್ಯವಾಗಿ ಅಲ್ಲಿಯವರೆಗೆ ಕಾಯಲಾಗುತ್ತದೆ.

== ಸುರಕ್ಷತೆ ==
ಆಯಾ ತರಂಗಾಂತರಕ್ಕೆ ತಕ್ಕ ಕನ್ನಡಕವನ್ನು ವೈದ್ಯರಷ್ಟೇ ಅಲ್ಲದೆ ಮಗುವೂ, ಕೊಠಡಿಯಲ್ಲಿರುವ ಪೋಷಕರೂ ಧರಿಸಬೇಕು. ಮಗು ತಟ್ಟನೆ ತಲೆ ತಿರುಗಿಸಿದರೆ ಪಕ್ಕದ ಅಂಗಾಂಶ ಸುಡಬಹುದು. ಹೊರಡುವ ಹೊಗೆಯನ್ನು ಯಂತ್ರದಿಂದ ಹೀರಿ ತೆಗೆಯಬೇಕು. ಆಮ್ಲಜನಕ ಹಾಗೂ ನೈಟ್ರಸ್ ಆಕ್ಸೈಡ್ ಉರಿಯನ್ನು ಪೋಷಿಸುವ ಅನಿಲಗಳಾದ್ದರಿಂದ ಅವುಗಳ ಬಳಕೆಯಿರುವಲ್ಲಿ ಬೆಂಕಿಯ ಅಪಾಯವನ್ನೂ ಗಮನಿಸಬೇಕಾಗುತ್ತದೆ.