ವಿಕೇಂದ್ರೀಕೃತ ದೃಢೀಕರಣ

ಒಂದೇ ಸಂಸ್ಥೆಯ ಪಾಸ್‌ವರ್ಡ್ ಭಂಡಾರವನ್ನು ನೆಚ್ಚದೆ, ಹಲವು ಗಣಕಗಳಲ್ಲಿ ಹಂಚಿಟ್ಟ ಬ್ಲಾಕ್‌ಚೈನ್ ದಾಖಲೆಯ ನೆರವಿನಿಂದ ಬಳಕೆದಾರರ ಗುರುತನ್ನು ಖಚಿತಪಡಿಸಿ, ಅವರಿಗೆ ಸಲ್ಲುವ ಸೇವೆಯನ್ನು ನಿರ್ಧರಿಸುವ ವಿಧಾನ.

ಕಾರ್ಯವಿಧಾನ: ಬಳಕೆದಾರರಿಗೆ ಜೋಡಿ ಕೀಲಿಗಳಿರುತ್ತವೆ. ಖಾಸಗಿ ಕೀಲಿ ಅವರ ಮೊಬೈಲ್‌ನಲ್ಲೇ ಉಳಿಯುತ್ತದೆ. ಸಾರ್ವಜನಿಕ ಕೀಲಿ ಬ್ಲಾಕ್‌ಚೈನ್‌ನಲ್ಲಿ ದಾಖಲಾಗುತ್ತದೆ. ಲಾಗಿನ್ ಆಗುವಾಗ ಸೇವಾ ಸಂಸ್ಥೆ ಕಳಿಸಿದ ಸಂಖ್ಯೆಗೆ ಖಾಸಗಿ ಕೀಲಿ ಸಹಿ ಹಾಕುತ್ತದೆ. ಸಾರ್ವಜನಿಕ ಕೀಲಿಯಿಂದ ಆ ಸಹಿಯ ಪರಿಶೀಲನೆ ನಡೆಯುತ್ತದೆ. ಪ್ರಮಾಣಪತ್ರಗಳಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನ ವಿದ್ಯಾರ್ಥಿಯೊಬ್ಬಳು ಇಂಥ ವ್ಯವಸ್ಥೆಯಲ್ಲಿ ಆದಾಯ ಪ್ರಮಾಣಪತ್ರ ಪಡೆದಳೆನ್ನೋಣ. ಬ್ಲಾಕ್‌ಚೈನ್‌ನಲ್ಲಿ ಪತ್ರವಿರುವುದಿಲ್ಲ, ಅದರ ಹ್ಯಾಶ್ (ಪತ್ರದ ಅಕ್ಷರಗಳಿಂದ ಗಣಿಸಿದ ಸಂಕೇತ) ಮಾತ್ರ ಇರುತ್ತದೆ. ಪತ್ರದ ಒಂದಕ್ಷರ ತಿದ್ದಿದರೂ ಹ್ಯಾಶ್ ಬದಲಾಗುವುದರಿಂದ, ನಾಡಕಚೇರಿಗೆ ಕಾಗದ ಬರೆಯದೆಯೇ ಕಾಲೇಜು ಅದರ ಸಾಚಾತನವನ್ನು ಅರಿಯಬಲ್ಲದು.

ಬೆಳವಣಿಗೆ: ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ (ಎನ್‌ಐಸಿ) ಬ್ಲಾಕ್‌ಚೈನ್ ಉತ್ಕೃಷ್ಟತಾ ಕೇಂದ್ರ ಬೆಂಗಳೂರಿನಲ್ಲಿ 2020ರ ಜನವರಿ 18ರಂದು ಆರಂಭವಾಯಿತು. ವಿಕೇಂದ್ರೀಕೃತ ಗುರುತುಗಳ ಮಾನಕವನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಟಿಯಂ 2022ರ ಜುಲೈನಲ್ಲಿ ಅಂಗೀಕರಿಸಿತು. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 4ರಂದು ‘ವಿಶ್ವಸ್ಯ’ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು.

ಮಿತಿಗಳು: ಖಾಸಗಿ ಕೀಲಿ ಕಳೆದುಹೋದರೆ, ಬದಲಿ ಏರ್ಪಾಡು ಮೊದಲೇ ಮಾಡಿರದಿದ್ದಲ್ಲಿ ಗುರುತನ್ನು ಮರಳಿ ಪಡೆಯುವುದು ಕಷ್ಟ. ಆರಂಭದಲ್ಲೇ ತಪ್ಪು ಮಾಹಿತಿ ದಾಖಲಾದರೆ ಬ್ಲಾಕ್‌ಚೈನ್ ಅದನ್ನು ಪತ್ತೆಹಚ್ಚದು. ಆಧಾರ್ ದೃಢೀಕರಣವು ಕೇಂದ್ರೀಯ ದತ್ತಾಂಶ ಭಂಡಾರವನ್ನು ಅವಲಂಬಿಸುವುದರಿಂದ ಈ ವರ್ಗಕ್ಕೆ ಸೇರುವುದಿಲ್ಲ.